ಅನ್ನಕ್ಕೂ ಅಪ್ಪಣೆಯೆ?

ಮೊನ್ನೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರೊಬ್ಬರು, "ನಮ್ಮಲ್ಲೇ ಹಸಿದವರಿರುವಾಗ ಪರದೇಶದವರಿಗೆ ಸರ್ಕಾರದ ಹಣದಲ್ಲಿ ಗೋಧಿ ಕಳುಹಿಸುವುದೇಕೆ ಸ್ವಾಮಿ? ಅಮೆರಿಕದವರೇ ಕೈ ಬಿಟ್ಟರು, ನಮಗೇಕೆ ಆ ಉಸಾಬರಿ?" ಎಂದರು. ಹಲವರು ತಲೆದೂಗಿದರು. ನನ್ನಿಂದಾಗಲಿಲ್ಲ.

1960ರ ದಶಕದಲ್ಲಿ ನಮ್ಮ ತಂದೆಯವರು ಹಳ್ಳಿಯ ಶಾಲೆಯಲ್ಲಿ ತಿಂದದ್ದು ಅಮೆರಿಕದಿಂದ ಬಂದ ಗೋಧಿರವೆಯ ಉಪ್ಪಿಟ್ಟನ್ನು. ಅದರ ರುಚಿಯನ್ನು ಅವರು ಇಂದಿಗೂ ನೆನೆಯುತ್ತಾರೆ. ಆ ನೆರವಿಗಿದ್ದ ಹಂಗನ್ನು ನಾನು ಪುಸ್ತಕಗಳಿಂದ ತಿಳಿಯಬೇಕಾಯಿತು. 1954ರ ಪಿ.ಎಲ್. 480 ಎಂಬ ಅಮೆರಿಕದ ಕಾಯಿದೆಯಂತೆ ನಮಗೆ ಧಾನ್ಯ ಬರುತ್ತಿತ್ತು. 1965ರಲ್ಲಿ ಮಳೆ ಕೈಕೊಟ್ಟಿತು. 1966ರಲ್ಲಿ ಸುಮಾರು 1 ಕೋಟಿ ಟನ್ನು ಧಾನ್ಯ ತರಿಸಬೇಕಾಯಿತು. ಅಧ್ಯಕ್ಷ ಜಾನ್ಸನ್ನರು ದೀರ್ಘಾವಧಿಯ ಒಪ್ಪಂದವನ್ನು ಬಿಟ್ಟು ಸ್ವಲ್ಪಸ್ವಲ್ಪವಾಗಿ ಅಳೆದು ಕೊಡಿಸಿದರು. ನಮ್ಮ ಕೃಷಿನೀತಿ ಬದಲಾಗಬೇಕೆಂಬುದು ಅವರ ಷರತ್ತು. ವಿಯಟ್ನಾಮ್ ಯುದ್ಧವನ್ನು ನಾವು ಟೀಕಿಸಿದ್ದೂ ಅವರಿಗೆ ರುಚಿಸಲಿಲ್ಲ. ಆ ಧಾನ್ಯ ನಮ್ಮ ಹೊಟ್ಟೆ ತುಂಬಿಸಿತು, ನಿಜ. ಆದರೆ ಹಡಗಿನ ದಾರಿ ಕಾಯುವ ರಾಷ್ಟ್ರದ ಪಾಡನ್ನೂ ಕಲಿಸಿತು.

ಕೊಡುವವರ ಮರ್ಜಿಯ ಮೇಲೆ ನಿಂತ ಅನ್ನದ ಗತಿಯೇನೆಂಬುದನ್ನು 2025 ಮತ್ತೆ ತೋರಿಸಿತು. ಆ ಜನವರಿಯಲ್ಲಿ ಅಮೆರಿಕ ಸರ್ಕಾರ ಪರದೇಶದ ನೆರವನ್ನು ತಡೆಹಿಡಿಯಿತು. ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮಕ್ಕಳಿಗೆಂದು ಕೊಂಡು ದುಬೈನಲ್ಲಿ ಇರಿಸಿದ್ದ ಪೌಷ್ಟಿಕ ಬಿಸ್ಕತ್ತುಗಳ ಪೈಕಿ ಸುಮಾರು 500 ಟನ್ನು, ಕಳುಹಿಸಲು ಅಪ್ಪಣೆ ಸಿಗದೆ, ಜುಲೈ ವೇಳೆಗೆ ಅವಧಿ ಮೀರಿ ಬೆಂಕಿಗೆ ಈಡಾಯಿತು. ಇದನ್ನು ಮಿತವ್ಯಯವೆನ್ನೋಣವೆ?

ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತು. ಆದರೂ ಅದು ರಾಷ್ಟ್ರಗಳು ಮನಸ್ಸು ಬಂದಂತೆ ಕೊಡುವ ಹಣವನ್ನೇ ನಂಬಿದೆ. ಬರ ಬಂದಾಗಲೆಲ್ಲ ಜೋಳಿಗೆ ಹಿಡಿಯಬೇಕು. ಹಣ ಕೂಡುವಷ್ಟರಲ್ಲಿ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗುತ್ತದೆ.

ಮಿತ್ರರ ಮಾತಿಗೆ ಉತ್ತರವಿಷ್ಟೆ: ನಮ್ಮ ಹಸಿದವರಿಗೆ 2013ರ ಆಹಾರ ಭದ್ರತಾ ಕಾಯಿದೆ ಹಕ್ಕನ್ನು ಕೊಟ್ಟಿದೆ. ಅದು ಅವರಿಗೆ ಮುಟ್ಟದಿದ್ದರೆ ತಪ್ಪು ನಮ್ಮ ಹಂಚಿಕೆಯದು, ಕಾಬೂಲಿನ ಕೂಸಿನದಲ್ಲ. 2022ರಲ್ಲಿ ನಾವು ಅಫ್ಘಾನಿಸ್ತಾನಕ್ಕೆ 50,000 ಟನ್ನು ಗೋಧಿ ಕೊಡಲೊಪ್ಪಿ ಅಟ್ಟಾರಿ ಗಡಿಯಿಂದ ಲಾರಿಗಳನ್ನು ಕಳುಹಿಸಿದೆವು. ಒಳ್ಳೆಯ ಕೆಲಸವೇ. ಆದರೆ ಅದು ಒಂದು ಸಲದ ಔದಾರ್ಯವಾಗಿ ನಿಲ್ಲಬಾರದು. ಕೊಡಬಲ್ಲ ಸರ್ಕಾರಗಳು, ನಮ್ಮದೂ ಸೇರಿದಂತೆ, ಬರಗಾಲದ ಅನ್ನಕ್ಕೆಂದು ಪ್ರತಿವರ್ಷ ಇಂತಿಷ್ಟನ್ನು ಮುಂಗಡಪತ್ರದಲ್ಲಿ ಮೊದಲೇ ತೆಗೆದಿರಿಸಬೇಕು. ಆಳುವವರು ಬದಲಾದರೆಂದು, ಸ್ನೇಹ ಕೆಟ್ಟಿತೆಂದು ಅದನ್ನು ತಡೆಯತಕ್ಕದ್ದಲ್ಲ.

ಹಂಗಿನ ಅನ್ನ ಉಂಡು ಬಲ್ಲ ನಾವು, ಹಂಗಿಲ್ಲದೆ ಉಣಿಸುವುದನ್ನು ಕಲಿಯಬೇಡವೆ? ಆ ಉಪ್ಪಿಟ್ಟಿನ ಋಣ ಇನ್ನೂ ತೀರಿಲ್ಲ.