ಸೋರುವ ಆಸ್ಪತ್ರೆಯ ರಿಪೇರಿಗೆ ಯಾರ ಹಣ?

ಕುದ್ರೋಳಿಯಲ್ಲಿ ಮನೆಯ ಮಾಡು ಸೋರಿದರೆ ಏನು ಮಾಡುತ್ತಾರೆಂಬುದು ನಮಗೆಲ್ಲ ಗೊತ್ತು. ಬೇಸಗೆಯಲ್ಲಿ ಹೆಂಚು ಹೊದೆಸಿದವನನ್ನು ಕರೆತಂದು, ಸೋರುವ ಜಾಗದಡಿಯಲ್ಲಿ ನಿಲ್ಲಿಸಿ, "ಇದೇನು ಮಾರಾಯ?" ಎಂದು ಕೇಳುತ್ತಾರೆ. ಅವನು ಇನ್ನೊಮ್ಮೆ ಕೂಲಿ ಕೇಳುವುದಿಲ್ಲ. ಕೇಳಿದರೆ ಆ ಬೀದಿಯಲ್ಲಿ ಅವನಿಗೆ ಮತ್ತೆ ಕೆಲಸವಿಲ್ಲ.

ಸರಕಾರಿ ಆಸ್ಪತ್ರೆಯ ಮಟ್ಟಿಗೆ ನ್ಯಾಯವೇ ಬೇರೆ. ಅಲ್ಲಿ ಹೊಸದೊಂದು ಅಂದಾಜು ಪಟ್ಟಿ ತಯಾರಾಗುತ್ತದೆ. ಕೆಟ್ಟ ಕೆಲಸಕ್ಕೆ 'ನವೀಕರಣ' ಎಂಬ ಒಳ್ಳೆಯ ಹೆಸರು ಬರುತ್ತದೆ. ಬೊಕ್ಕಸದಿಂದ ಎರಡನೆಯ ಸಲ ಹಣ ಹೊರಡುತ್ತದೆ. ಸಾಬೂನು ಕೊಂಡವನೂ ತೆರಿಗೆ ಕೊಟ್ಟು ತುಂಬಿಸಿದ ಬೊಕ್ಕಸವದು. ಆದುದರಿಂದ, ಕಟ್ಟಡದ ದೋಷ ತಿದ್ದಲು ಜನರ ಹಣದಿಂದ ಒಂದು ಕಾಸನ್ನೂ ಕೊಡಕೂಡದು, ಗುತ್ತಿಗೆದಾರನಿಂದಲೇ ವಸೂಲು ಮಾಡಬೇಕು ಎಂದು ನಮ್ಮ ಸಂಗಾತಿಗಳಲ್ಲಿ ಹಲವರು ವಾದಿಸುತ್ತಾರೆ. ಕೇಳಲು ಹಿತವಾದ ಮಾತು. ನಾವೂ ಒಂದು ಕಾಲದಲ್ಲಿ ವೇದಿಕೆಯ ಮೇಲೆ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದುಂಟು. ಈಗ ಇದು ತಪ್ಪೆಂದು ನಮಗೆ ತೋರುತ್ತದೆ.

ಏಕೆಂದರೆ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದೂ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಕಾಂಕ್ರೀಟಿನ ಬಿರುಕಿನೊಳಗೆ ನೀರು ಇಳಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದುತ್ತದೆ. ಊದಿದಾಗ ಮೇಲಿನ ಗಾರೆ ಸಿಡಿದು ಬೀಳುತ್ತದೆ. ಕಡಲ ಉಪ್ಪುಗಾಳಿ ಇದನ್ನೆಲ್ಲ ಇನ್ನಷ್ಟು ಬೇಗ ಮಾಡುತ್ತದೆ. ನ್ಯಾಯಾಲಯದ ತೀರ್ಪು ಬರುವವರೆಗೆ ಮಳೆ ಕಾಯುತ್ತದೆಯೇ? ರೋಗಿ ಕಾಯುತ್ತಾನೆಯೇ? 1848ರಷ್ಟು ಹಿಂದೆ ಆರಂಭವಾದ ನಮ್ಮ ವೆನ್ಲಾಕ್ ಆಸ್ಪತ್ರೆಗೆ ಈ ಜಿಲ್ಲೆಯವರಷ್ಟೇ ಅಲ್ಲ, ಕಾಸರಗೋಡಿನವರೂ ಘಟ್ಟದ ಮೇಲಿನವರೂ ಬರುತ್ತಾರೆ. ಹಣವಿದ್ದವನಿಗೆ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆದೇ ಇದೆ. ಸರಕಾರಿ ವಾರ್ಡು ಮುಚ್ಚಿದರೆ ಹೋಗಲು ಬೇರೆ ಜಾಗವಿಲ್ಲದವನು ಬೀಡಿ ಕಟ್ಟುವವನು, ಗೋಣಿ ಹೊರುವವನು. ಆದುದರಿಂದ ರಿಪೇರಿ ಕೂಡಲೇ ಆಗಬೇಕು, ಸರಕಾರದ ಹಣದಿಂದಲೇ ಆಗಬೇಕು. ನಾವು ಕೇಳುವುದು ಅದರ ಮರುದಿನದ ಪ್ರಶ್ನೆ: ಆ ಹಣ ಹಿಂದಕ್ಕೆ ಬರುವ ದಾರಿ ಯಾವುದು?

ಈ ಪ್ರಶ್ನೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಮಕ್ಕಳಿಗಾಗಿ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯನ್ನು ಖಾಸಗಿ ಕೂಟದ ಮೂಲಕ ಕಟ್ಟಿಸಿದರು. 2019ರ ಜುಲೈಯಲ್ಲಿ ರೋಗಿಗಳನ್ನು ಸ್ಥಳಾಂತರಿಸಲು ಕೆಲವೇ ದಿನಗಳಿದ್ದಾಗ ಆರೋಗ್ಯ ಮಂತ್ರಿಗಳು ಎಲ್ಲವನ್ನೂ ತಡೆದರು. ತೀವ್ರ ನಿಗಾ ಕೋಣೆಗಳಲ್ಲಿ ಗಂಟೆಗೆ 10 ಸಲ ಗಾಳಿ ಬದಲಾಗಬೇಕಿತ್ತು. ಬದಲಾಗುತ್ತಿದ್ದುದು 4 ಸಲ. ಕಟ್ಟಡ ಖಾಲಿ ಬಿದ್ದಿತ್ತು. ಆದರೆ ಆ ವರ್ಷದ ಫೆಬ್ರವರಿಯಲ್ಲೇ ಬೀಗದ ಕೈ ಪಡೆದಾಗಿತ್ತಾದ್ದರಿಂದ, ಒಬ್ಬ ರೋಗಿಯೂ ಮಲಗದ ಆಸ್ಪತ್ರೆಗೆ ತಿಂಗಳಿಗೆ ಸುಮಾರು 14 ಲಕ್ಷ ಪೌಂಡಿನಂತೆ ಜನರ ಹಣ ಆ ಕೂಟಕ್ಕೆ ಸಲ್ಲುತ್ತಲೇ ಇತ್ತು. ದೋಷ ತಿದ್ದಲು ಬೇರೆ ಸುಮಾರು 1 ಕೋಟಿ 60 ಲಕ್ಷ ಪೌಂಡು. ಆಸ್ಪತ್ರೆ ಪೂರ್ತಿಯಾಗಿ ತೆರೆದದ್ದು 2021ರ ಮಾರ್ಚಿನಲ್ಲಿ.

ಇಷ್ಟಾಗಿ ತಪ್ಪಿನ ಬೇರು ಎಲ್ಲಿತ್ತು? ಆರೋಗ್ಯ ಮಂಡಳಿಯ ಕಡೆಯಿಂದ 2012ರಲ್ಲಿ ತಯಾರಾದ ಒಂದು ಅಂಕಿಪಟ್ಟಿಯಲ್ಲಿ! 10 ಇರಬೇಕಾದಲ್ಲಿ 4 ಎಂದು ಬರೆದಿತ್ತು. ಏಳು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮಾಸ್ತರಿಕೆ ಮಾಡಿದ ನಮಗೆ ಇದನ್ನು ಓದಿದಾಗ ಮಕ್ಕಳ ಲೆಕ್ಕದ ಪುಸ್ತಕ ನೆನಪಾಯಿತು. ಮೊದಲ ಸಾಲಿನ ತಪ್ಪನ್ನು ಬಿಟ್ಟರೆ ಕೆಳಗಿನ ಉತ್ತರವೆಲ್ಲ ತಪ್ಪು. ಅಂದರೆ ಗುತ್ತಿಗೆದಾರನನ್ನು ಬೈದು ಮುಗಿಸುವ ವಿಷಯ ಇದಲ್ಲ. ನಕ್ಷೆ ಒಪ್ಪಿದ ಇಂಜಿನಿಯರನೂ, ಅಳತೆ ಪುಸ್ತಕಕ್ಕೆ ರುಜು ಹಾಕಿದವನೂ, ಉದ್ಘಾಟನೆಯ ತಾರೀಕಿಗಾಗಿ ಅವಸರ ಮಾಡಿದ ಮಹಾನುಭಾವರೂ ಲೆಕ್ಕಕ್ಕೆ ಬರಬೇಕು.

ನಮ್ಮಲ್ಲಿ ಗುತ್ತಿಗೆಯ ಕರಾರಿನಲ್ಲಿ ದೋಷಕ್ಕೆ ಹೊಣೆಯ ಅವಧಿಯೊಂದು ಇರುತ್ತದೆ. ಆ ಅವಧಿಯೊಳಗೆ ದೋಷ ಕಂಡರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಅದಕ್ಕಾಗಿಯೇ ಬಿಲ್ಲಿನಿಂದ ಮುರಿದಿಟ್ಟ ಠೇವಣಿ ಸರಕಾರದ ಕೈಯಲ್ಲಿರುತ್ತದೆ. ಆ ದಿನ ಮುಗಿಯುವ ಮುಂಚೆ ಒಂದು ಮಳೆಗಾಲದಲ್ಲಾದರೂ ಕಟ್ಟಡವನ್ನು ಮೂಲೆಮೂಲೆ ಪರೀಕ್ಷಿಸಿ ಬರೆದಿಡದೆ ಠೇವಣಿ ಬಿಡುಗಡೆ ಮಾಡಿದರೆ, ಅದನ್ನು ನಾವು ಅಲಕ್ಷ್ಯವೆನ್ನುವುದಿಲ್ಲ, ದಾನವೆನ್ನುತ್ತೇವೆ. ಅವಧಿ ಮುಗಿಯಿತು, ಇನ್ನೇನೂ ಮಾಡುವಂತಿಲ್ಲ ಎಂಬ ಮಾತನ್ನೂ ನಾವು ಪೂರ್ತಿ ಒಪ್ಪುವುದಿಲ್ಲ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಕರಾರು ಮುರಿದವನ ಮೇಲೆ ದಾವೆ ಹೂಡಲು ನಿಮ್ಮಂಥ ಅಂಗಡಿಕಾರನಿಗೆ ಮೂರು ವರ್ಷ. ಸರಕಾರಕ್ಕೆ 30 ವರ್ಷ. ಅಷ್ಟು ಉದ್ದದ ಹಗ್ಗ ಕೈಯಲ್ಲಿದ್ದೂ ಎಳೆಯದಿದ್ದರೆ ಅದು ಕಾಯಿದೆಯ ದೋಷವಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ರೋಗಿಗಳಿಂದ ಪಡೆಯುವ ಶುಲ್ಕ ಅವುಗಳ ಖಾತೆಗೆ ಸೇರುತ್ತದೆ, ಆಸ್ಪತ್ರೆಯ ಸಣ್ಣಪುಟ್ಟ ದುರಸ್ತಿಗೂ ಅದರಿಂದ ಖರ್ಚಾಗುತ್ತದೆ. ಮುರಿದ ನಲ್ಲಿಗೆ, ಒಡೆದ ಕಿಟಕಿಗೆ ಆಗಲಿ. ಆದರೆ ಕಟ್ಟಿದವನ ತಪ್ಪಿನಿಂದ ಬಂದ ಸೋರಿಕೆಗೆ ರೋಗಿಯ ಚೀಟಿಯ ದುಡ್ಡನ್ನು ಮುಟ್ಟಕೂಡದು. ಮದ್ದಿನ ಬಾಬ್ತಿನಿಂದಲೂ ತೆಗೆಯಕೂಡದು. ಅಂಥ ಖರ್ಚಿಗೆ 'ದೋಷ ನಿವಾರಣೆ, ವಸೂಲಾಗಬೇಕಾದ್ದು' ಎಂದು ಬೇರೆಯೇ ಲೆಕ್ಕ ಇಡಲಿ. ನಿಮ್ಮ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬಾಕಿದಾರನ ಹೆಸರು ಇರುವುದಿಲ್ಲವೇ, ಹಾಗೆ. ಗಿರಣಿ ಕೆಲಸಗಾರರು ಇ.ಎಸ್.ಐ. ಆಸ್ಪತ್ರೆಗಳ ವಿಷಯದಲ್ಲೂ ಇದನ್ನೇ ಕೇಳಬೇಕು. 2019ರ ಜುಲೈಯಿಂದ ನಿಮ್ಮ ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ ಅದಕ್ಕೆ ಮುರಿಯುತ್ತಿದ್ದಾರೆ.

ಗಾರೆ ಕೆಡವಿ ಹೊಸದಾಗಿ ಬಳಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಆದುದರಿಂದ ರಿಪೇರಿಗೆ ಕೈಹಚ್ಚುವ ಮುಂಚೆಯೇ ಕಾಂಕ್ರೀಟಿನ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಸರಕಾರ ಕಳುಹಿಸದಿದ್ದರೆ ನಾವು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆ ಬರೀ ಕಾಗದ ನೋಡುವ ಹಕ್ಕಲ್ಲ. ಕಾಮಗಾರಿಯನ್ನು ಪರಿಶೀಲಿಸುವುದೂ, ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವುದೂ ಅದರಲ್ಲಿ ಸೇರಿವೆ. ಅರ್ಜಿಯ ಶುಲ್ಕ 10 ರೂಪಾಯಿ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಗಾರೆ ಕೆಲಸ ಬಲ್ಲವರು, ಮರಳಿನಲ್ಲಿ ಉಪ್ಪಿದೆಯೇ ಎಂದು ನಾಲಗೆಗೆ ಹಚ್ಚಿ ಹೇಳುವವರು ನಮ್ಮ ಕೇರಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಜೊತೆಗೆ ಬರಲಿ. ಅರ್ಜಿ ಬರೆದುಕೊಡುವ ಕೆಲಸ ನಮ್ಮದು.