ನಾಯಿಗಲ್ಲ ಸ್ವಾಮಿ, ಯಜಮಾನರಿಗೆ ಬೇಕು ಕ್ಲಾಸು!

ದಾವಣಗೆರೆ: ಹೊಸ ಬಡಾವಣೆಗಳಲ್ಲಿ ಈಗ ಗೇಟಿಗೊಂದು ಬೋರ್ಡು: ‘ನಾಯಿ ಇದೆ, ಎಚ್ಚರಿಕೆ!’ ಒಳಗಿರುವುದು ಲ್ಯಾಬ್ರಡಾರೋ, ಜರ್ಮನ್ ಶೆಫರ್ಡೋ, ಇಲ್ಲವೇ ರಾಟ್‌ವೀಲರೋ. ಸಾವಿರಾರು ರೂಪಾಯಿ ಸುರಿದು ಮರಿ ತಂದದ್ದಾಯಿತು. ಬೆಲ್ಟು, ತಟ್ಟೆ, ಪಾಕೀಟು ಆಹಾರ ಎಲ್ಲವೂ ಆಯಿತು. ಆರೇಳು ತಿಂಗಳಲ್ಲಿ ಮರಿ ಆಳೆತ್ತರ ನೆಗೆಯತೊಡಗಿತು. ಪೇಪರ್ ಹಾಕುವ ಹುಡುಗನ ಮೇಲೆ ಎಗರಿತು, ಮನೆಗೆ ಬಂದ ಬೀಗರ ಸೀರೆ ಎಳೆಯಿತು. ಆಗ ಯಜಮಾನರಿಗೆ ಜ್ಞಾನೋದಯ: ‘ಇದಕ್ಕೊಂದು ಟ್ರೇನಿಂಗ್ ಕೊಡಿಸಬೇಕ್ರೀ!’

ಕೊಡುವವರೇನೂ ಕಡಿಮೆ ಇಲ್ಲ. ಮನೆಗೇ ಬಂದು ಕಲಿಸುವವರಿದ್ದಾರೆ. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಕಲಿಸುವವರಿದ್ದಾರೆ. ‘ಒಂದು ತಿಂಗಳು ನಮ್ಮ ಹತ್ರ ಬಿಡಿ ಸಾರ್, ಹೇಳಿದ ಹಾಗೆ ಕೇಳೋ ಹಂಗೆ ಮಾಡಿ ಕೊಡ್ತೀವಿ’ ಎನ್ನುವವರೂ ಇದ್ದಾರೆ. ಯಜಮಾನರಿಗೆ ಈ ಮೂರನೆಯವರೇ ಅಚ್ಚುಮೆಚ್ಚು. ಸ್ಕೂಟರ್ ಸರ್ವೀಸಿಗೆ ಬಿಟ್ಟಂತೆ ನಾಯಿಯನ್ನು ಬಿಟ್ಟು ಬಂದರೆ ಮುಗಿಯಿತು.

ತಿಂಗಳಾದ ಮೇಲೆ ನಾಯಿ ವಾಪಸು ಬರುತ್ತದೆ. ಕಲಿಸಿದವನು ‘ಸಿಟ್’ ಅಂದರೆ ಕೂರುತ್ತದೆ, ‘ಸ್ಟೇ’ ಅಂದರೆ ಕಲ್ಲಿನಂತೆ ನಿಲ್ಲುತ್ತದೆ. ಅವನು ಗೇಟು ದಾಟಿದನೋ, ಮತ್ತೆ ಹಳೇ ರಾಗ. ದುಡ್ಡು ಹೋಯಿತು ಎಂದು ಯಜಮಾನರ ಗೊಣಗಾಟ. ನಾಯಿ ಪಾಠ ಕಲಿತದ್ದು ಸುಳ್ಳಲ್ಲ ಸ್ವಾಮಿ. ಆದರೆ ಕಲಿತದ್ದು ಆ ಮನುಷ್ಯನ ಹತ್ತಿರ, ಆ ಜಾಗದಲ್ಲಿ. ಮನೆಯವರು ಏನೂ ಕಲಿತಿಲ್ಲ. ತೊಂದರೆ ಇರುವುದೇ ಅಲ್ಲಿ.

ಹಗ್ಗದ ಇನ್ನೊಂದು ತುದಿ

2024ರ ಜುಲೈನಲ್ಲಿ ಇದೇ ಜಿಲ್ಲೆಯ ಸಂತೇಬೆನ್ನೂರು ಭಾಗದ ಕೊಲೆ ಪ್ರಕರಣದಲ್ಲಿ ಪೊಲೀಸ್ ಶ್ವಾನ ತುಂಗಾ-2 ಮಳೆಯಲ್ಲೇ ಸುಮಾರು 8 ಕಿಲೋಮೀಟರ್ ವಾಸನೆ ಹಿಡಿದು ಓಡಿ ಆರೋಪಿ ಇದ್ದ ಮನೆಗೇ ಪೊಲೀಸರನ್ನು ಕರೆದೊಯ್ದಿತು. ಅಲ್ಲಿ ಒಬ್ಬ ಮಹಿಳೆಯ ಜೀವವೂ ಉಳಿಯಿತು. ಜನ ನಾಯಿಯನ್ನು ಹೊಗಳಿದರು, ಹೊಗಳಲೇಬೇಕಾದ್ದು. ಆದರೆ ಹಗ್ಗದ ಇನ್ನೊಂದು ತುದಿ ಹಿಡಿದು ಓಡಿದವರನ್ನು ಎಷ್ಟು ಮಂದಿ ನೆನೆದರು?

ಶ್ವಾನದಳದಲ್ಲಿ ನಾಯಿಗೆ ಅದರದ್ದೇ ಆದ ಹ್ಯಾಂಡ್ಲರ್ ಇರುತ್ತಾರೆ. ನಾಯಿ ತರಬೇತಿಗೆ ಹೋದರೆ ಜತೆಗೆ ಅವರೂ ಹೋಗಬೇಕು. ತರಬೇತಿ ಮುಗಿಸಿ ಬಂದ ಮೇಲೂ ಅಭ್ಯಾಸ ತಪ್ಪುವಂತಿಲ್ಲ. ನಾಯಿಯೊಂದನ್ನೇ ಕಳಿಸಿ ಕಲಿಸಲು ಬರುವುದಿಲ್ಲ ಎಂಬುದು ಸರ್ಕಾರಕ್ಕೇ ಗೊತ್ತಿದೆ. ಗೇಟಿಗೆ ಬೋರ್ಡು ಹಾಕಿದ ಮಹಾಶಯರಿಗೆ ಮಾತ್ರ ಗೊತ್ತಾಗಿಲ್ಲ.

ಛಡಿ ಚಂ ಚಂ

ಇನ್ನು ಪಾಠದ ರೀತಿ. ಕೊರಳಿಗೆ ಉರುಳಿನಂಥ ಸರಪಳಿ. ಹೇಳಿದ ಮಾತು ಕೇಳದಿದ್ದರೆ ಒಂದು ಜಗ್ಗು. ಮತ್ತೆ ಕೇಳದಿದ್ದರೆ ಇನ್ನೂ ಜೋರಾಗಿ ಜಗ್ಗು. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂಬ ನಮ್ಮ ಹಳೇ ಶಾಲೆಯ ಮಂತ್ರವೇ ಇದು. ಜರ್ಮನಿಯ ಪೊಲೀಸ್ ಅಧಿಕಾರಿ ಕಾನ್ರಾಡ್ ಮೋಸ್ಟ್ 1910ರಲ್ಲೇ ಇಂಥ ಶಿಸ್ತಿನ ಪಾಠವನ್ನು ಪುಸ್ತಕವಾಗಿ ಬರೆದಿದ್ದ. ಪೊಲೀಸ್ ಮತ್ತು ಸೇನೆಯ ನಾಯಿಗಳ ಈ ಕವಾಯತು ಬರಬರುತ್ತಾ ಮನೆಯಂಗಳಕ್ಕೂ ಬಂತು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಾಯಿಯ ಶಾಲೆಯಲ್ಲಿ ಮಾತ್ರ ಛಡಿ ಮೇಷ್ಟ್ರು ಇನ್ನೂ ರಿಟೈರ್ ಆಗಿಲ್ಲ.

ಹೊಡೆದರೆ ನಾಯಿ ಸುಮ್ಮನಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಅಪಾಯ ಇರುವುದೂ ಅಲ್ಲೇ. ಗುರ್ ಎನ್ನುವುದು ನಾಯಿ ಕೊಡುವ ನೋಟೀಸು. ‘ನನಗೆ ಹೆದರಿಕೆ ಆಗ್ತಿದೆ, ಹತ್ತಿರ ಬರಬೇಡ’ ಎಂದು ಅದರ ಅರ್ಥ. ಗುರ್ ಅಂದಾಗಲೆಲ್ಲ ಏಟು ಬಿದ್ದರೆ ನಾಯಿ ನೋಟೀಸು ಕೊಡುವುದನ್ನು ಬಿಡುತ್ತದೆ, ಹೆದರಿಕೆ ಮಾತ್ರ ಹಾಗೇ ಉಳಿಯುತ್ತದೆ. ಒಂದು ದಿನ ಮನೆಯ ಮಗು ತಟ್ಟೆಯ ಹತ್ತಿರ ಕೈ ಹಾಕುತ್ತದೆ. ಗುರ್ ಇಲ್ಲ, ಗಿರ್ ಇಲ್ಲ, ನೇರವಾಗಿ ಬಾಯಿ. ‘ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು’ ಎನ್ನುತ್ತಾರೆ. ಇದ್ದಕ್ಕಿದ್ದ ಹಾಗಲ್ಲ ಸ್ವಾಮಿ, ಅದರ ಬಾಯಿ ಮುಚ್ಚಿಸಿದವರು ನೀವೇ.

ಪೋರ್ಚುಗಲ್ ದೇಶದಲ್ಲಿ ತರಬೇತಿ ಶಾಲೆಗಳ 92 ಸಾಕುನಾಯಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. 2020ರಲ್ಲಿ ವರದಿ ಬಂತು. ಏಟು, ಜಗ್ಗಾಟ, ಗದರಿಕೆ ಹೆಚ್ಚಾಗಿದ್ದ ಶಾಲೆಯ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನು ಏರಿತ್ತು. ತಿನಿಸು ಕೊಟ್ಟು ಕಲಿಸಿದ ಶಾಲೆಯವುಗಳಲ್ಲಿ ಹಾಗೆ ಕಾಣಲಿಲ್ಲ.

ಟಿಕ್ ಎನ್ನುವ ಡಬ್ಬಿ

ಕೋಲು ಬಿಟ್ಟರೆ ಬೇರೆ ದಾರಿ ಇಲ್ಲವೇ? ಇದೆ. ಅದರ ಹೆಸರು ಕ್ಲಿಕ್ಕರ್. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ತಗಡಿನ ಪಟ್ಟಿ. ಒತ್ತಿದರೆ ‘ಟಿಕ್’.

ಇದರ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮತ್ತು ಅವರ ಶಿಷ್ಯ ದಂಪತಿ ಕೆಲರ್ ಬ್ರೀಲಂಡ್, ಮೇರಿಯನ್ ಬ್ರೀಲಂಡ್ 1940ರ ದಶಕದಲ್ಲಿ ಮಾಡಿದ ಕೆಲಸದಲ್ಲಿದೆ. ಜನರ ಕೈಗೆ ತಲುಪಿಸಿದವರಲ್ಲಿ ಮುಖ್ಯರಾದವರು ಕರೆನ್ ಪ್ರಯರ್. ಈಕೆ 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಆಟ ಕಲಿಸುತ್ತಿದ್ದರು. ಡಾಲ್ಫಿನ್ ಕೊರಳಿಗೆ ಸರಪಳಿ ಹಾಕಿ ಜಗ್ಗಲಾದೀತೇ? ಕೋಲೆತ್ತಿದರೆ ಈಜಿಕೊಂಡು ಆಚೆ ದಡಕ್ಕೆ ಹೋಗುತ್ತದೆ. ಒಂದು ಸೀಟಿ, ಒಂದು ಬಕೆಟ್ ಮೀನು, ಬೇಕಾದಷ್ಟು ತಾಳ್ಮೆ ಇಷ್ಟರಲ್ಲೇ ಕಲಿಸಬೇಕಿತ್ತು. ಕಲಿಸಿದರು. 1984ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. 1990ರ ದಶಕದಲ್ಲಿ ಸೀಟಿಯ ಜಾಗಕ್ಕೆ ಕ್ಲಿಕ್ಕರ್ ಬಂದು ಮನೆಮನೆಯ ನಾಯಿಗೂ ಈ ವಿದ್ಯೆ ತಲುಪಿತು.

ವಿಧಾನ ಸರಳ. ಮೊದಲು ಟಿಕ್ ಅನ್ನಿಸಿ, ಕೂಡಲೇ ಒಂದು ಚೂರು ಬೇಯಿಸಿದ ಮೊಟ್ಟೆಯನ್ನೋ ಕೋಳಿಯನ್ನೋ ಕೊಡಿ. ಹತ್ತಾರು ಸಲ ಹೀಗೆ ಮಾಡಿದರೆ ಟಿಕ್ ಅಂದರೆ ತಿನಿಸು ಎಂದು ನಾಯಿಗೆ ಖಾತ್ರಿಯಾಗುತ್ತದೆ. ಆಮೇಲೆ ಕಾಯಬೇಕು. ನಾಯಿ ತಾನಾಗಿ ಕೂತಿತು ಎನ್ನಿ, ಹಿಂಭಾಗ ನೆಲಕ್ಕೆ ತಾಗಿದ ಆ ಕ್ಷಣಕ್ಕೇ ಟಿಕ್, ಹಿಂದೆಯೇ ತಿನಿಸು. ಫೋಟೋ ಹಿಡಿದ ಹಾಗೆ. ‘ಇದೇ, ಈಗ ಮಾಡಿದೆಯಲ್ಲ, ಇದೇ ಬೇಕಾದ್ದು’ ಎಂದು ಹೇಳಿದಂತಾಯಿತು. ಕೂರುವುದು ಖಾಯಂ ಆದ ಮೇಲೆ ‘ಕೂತ್ಕೋ’ ಎಂಬ ಮಾತು ಸೇರಿಸಿ. ನಾಯಿಗೆ ಇಂಗ್ಲಿಷೇ ಬೇಕು ಅಂತ ಯಾರೂ ಹೇಳಿಲ್ಲ, ಕನ್ನಡ ಸಾಕು. ಪಾಠ ಒಂದು ಸಲಕ್ಕೆ ಐದು ನಿಮಿಷ ಸಾಕು, ಊಟಕ್ಕೆ ಮುಂಚೆ ಆದರೆ ಒಳ್ಳೆಯದು. ಟಿಕ್ ಅನ್ನಿಸಿ ತಿನಿಸು ಕೊಡದೆ ಮೋಸ ಮಾಡುವಂತಿಲ್ಲ. ಚಾಕೊಲೇಟು, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ, ಕೊಡಲೇಬೇಡಿ.

ಇದು ಲಂಚ ಅಲ್ಲವೇನ್ರೀ ಎಂದು ಕೆಲವರ ತಕರಾರು. ಲಂಚ ಕೆಲಸಕ್ಕೆ ಮುಂಚೆ ಕೊಡುವುದು, ಕೂಲಿ ಕೆಲಸ ಆದ ಮೇಲೆ ಕೊಡುವುದು. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಪಾಠ ಗಟ್ಟಿಯಾದ ಮೇಲೆ ಟಿಕ್ ಕೂಡ ಬೇಡ, ಆಗೊಮ್ಮೆ ಈಗೊಮ್ಮೆ ತಿನಿಸು, ಒಂದು ‘ಶಹಬ್ಬಾಸ್’ ಸಾಕು.

ಡಬ್ಬಿಯಲ್ಲಿ ಮಾಯೆಯೇನೂ ಇಲ್ಲ ಎಂಬುದನ್ನೂ ಹೇಳಬೇಕು. ಇಟಲಿಯಲ್ಲಿ 51 ನಾಯಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕ್ಲಿಕ್ಕರಿನಿಂದ ಕಲಿತವು, ಬಾಯಿಮಾತಿನಿಂದ ಕಲಿತವು, ಬರೀ ತಿನಿಸಿನಿಂದ ಕಲಿತವು ಹೆಚ್ಚು ಕಡಿಮೆ ಒಂದೇ ಸಮ ಕಲಿತವು. ಅಂದರೆ ಡಬ್ಬಿ ಇಲ್ಲದಿದ್ದರೆ ನಾಲಗೆಯಲ್ಲೇ ಲೊಚಗುಟ್ಟಿದರೂ ನಡೆದೀತು. ನಡೆಯದಿರುವುದು ಯಜಮಾನರ ಸೋಮಾರಿತನ. ಯಾವ ಕ್ಷಣದಲ್ಲಿ ಮೆಚ್ಚಬೇಕು ಎಂದು ಕಣ್ಣಿಟ್ಟು ನೋಡಲು ಮನೆಯವರೇ ಬೇಕು, ಬಾಡಿಗೆಗೆ ಸಿಗುವುದಿಲ್ಲ.

ಐವತ್ತು ರೂಪಾಯಿ ದಂಡ!

ನಾಯಿ ತಳಿ ಬೆಳೆಸಿ ಮಾರುವವರಿಗೆ 2017ರ ನಿಯಮ ಇದೆ. ಸಾಕುಪ್ರಾಣಿ ಅಂಗಡಿಗೆ 2018ರ ನಿಯಮ ಇದೆ. ಮನೆನಾಯಿಗೆ ಪಾಠ ಹೇಳುವವನಿಗೆ ಮಾತ್ರ ಇಂಥ ಪ್ರತ್ಯೇಕ ನಿಯಮವಿಲ್ಲ. ಸರಪಳಿ ಹಿಡಿದವನೇ ಮೇಷ್ಟ್ರು! ಪ್ರಾಣಿಗಳನ್ನು ಹೊಡೆದು ಹಿಂಸಿಸಿದರೆ 1960ರ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಊರಿನ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯಲ್ಲಿ ಇಬ್ಬರು ಕೂತು ತಿಂದರೆ ಅಷ್ಟೇ ಬಿಲ್ಲಾಗುತ್ತದೆ. ಇಂಥ ಕಾನೂನಿಗೆ ಹೆದರುವವರು ಯಾರು?

2025ರಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಆದೇಶ ಕೊಟ್ಟಾಗ ಊರೆಲ್ಲ ಅದೇ ಚರ್ಚೆ. ಗೇಟಿನ ಒಳಗಿನ ನಾಯಿಯ ಮಾತು ಯಾರೂ ಎತ್ತಲಿಲ್ಲ. ಹೇಳಿದ ಮಾತು ಕೇಳದ ಜಾತಿನಾಯಿಯನ್ನು ರಾತ್ರೋರಾತ್ರಿ ಬೈಪಾಸಿನಲ್ಲಿ ಇಳಿಸಿ ಹೋಗುವವರಿದ್ದರೆ ಅದೂ ನಾಳೆ ಬೀದಿನಾಯಿಯೇ.

ಹಾಗಾಗಿ ಪಶುಪಾಲನಾ ಇಲಾಖೆಯವರು, ಮಹಾನಗರಪಾಲಿಕೆಯವರು ಒಂದು ಕೆಲಸ ಮಾಡಲಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲಸಿಕೆಗೆ ನಾಯಿ ಹಿಡಿದು ಬಂದವರನ್ನು ಬರಿಗೈಲಿ ಕಳಿಸುವುದು ಬೇಡ. ಅಲ್ಲೇ ನಿಲ್ಲಿಸಿ ಅರ್ಧ ಗಂಟೆ ಪಾಠ ಹೇಳಲಿ. ಹೈಸ್ಕೂಲ್ ಮೈದಾನದ ಒಂದು ಮೂಲೆ, ಒಬ್ಬ ಪಶುವೈದ್ಯರು, ಒಂದು ಡಬ್ಬಿ ಮೊಟ್ಟೆ ಚೂರು. ಇದಕ್ಕೆ ಟೆಂಡರ್ ಕರೆಯಬೇಕಿಲ್ಲ.

ಯಜಮಾನರು ತರಬೇತುದಾರನಿಗೆ ದುಡ್ಡು ಎಣಿಸುವ ಮುಂಚೆ ಮೂರೇ ಪ್ರಶ್ನೆ ಕೇಳಲಿ. ಪಾಠದ ಹೊತ್ತಿಗೆ ನಾವೂ ಇರಬಹುದೇ? ನಾಯಿ ಸರಿ ಮಾಡಿದಾಗ ಏನು ಕೊಡುತ್ತೀರಿ? ತಪ್ಪು ಮಾಡಿದಾಗ ಏನು ಮಾಡುತ್ತೀರಿ? ಮೊದಲ ಪ್ರಶ್ನೆಗೆ ‘ಬೇಡ ಸಾರ್’ ಎಂದರೆ ನಾಯಿಯನ್ನು ಹಿಡಿದುಕೊಂಡು ಮನೆಗೆ ಬರಲಿ. ಕಚ್ಚಿಸಿಕೊಂಡ ಮಗುವಿಗೆ ಸೂಜಿ ಹಾಕಿಸುವುದಕ್ಕಿಂತ ಯಜಮಾನರಿಗೆ ಪಾಠ ಹಾಕಿಸುವುದು ಎಲ್ಲ ಲೆಕ್ಕದಲ್ಲೂ ಅಗ್ಗ.