ಗಲ್ಲಾಪೆಟ್ಟಿಗೆಗಿರುವ ಲೆಕ್ಕ ಸ್ಟೋರ್ ರೂಮಿಗೂ ಇರಲಿ

ಮುಂಬಯಿಯಲ್ಲಿ ಹೊಟೇಲ್ ಉದ್ಯಮವೆಂದಾಗ ತುಳು-ಕನ್ನಡಿಗರ ನೆನಪಾಗುವುದು ಸಹಜ. ಹಗಲಿಡೀ ದುಡಿದು, ರಾತ್ರಿಶಾಲೆಗಳಲ್ಲಿ ಕಲಿತ ಎಷ್ಟೋ ಮಂದಿ ಬೆವರು ಸುರಿಸಿ ಬೆಳೆಸಿದ ಉದ್ಯಮವಿದು. ರುಚಿ, ಶುಚಿಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಆದರೆ ಗಲ್ಲಾದ ಹಣವನ್ನು ಪ್ರತಿ ರಾತ್ರಿ ಎಣಿಸುವ ನಾವು, ಸ್ಟೋರ್ ರೂಮಿನ ಅಕ್ಕಿ, ಬೇಳೆ, ಎಣ್ಣೆಯನ್ನು ತಿಂಗಳಿಗೊಮ್ಮೆಯಾದರೂ ತೂಗಿ ನೋಡುತ್ತೇವೆಯೇ? ಮೂಟೆಯಲ್ಲಿರುವುದೂ ನಮ್ಮ ಹಣವೇ ಅಲ್ಲವೇ?

'ನಮ್ಮದು ನಂಬಿಕೆಯ ವ್ಯಾಪಾರ, ಪುಸ್ತಕ ಇಟ್ಟರೆ ಹುಡುಗರಿಗೆ ಬೇಸರವಾದೀತು' ಎನ್ನುವವರಿದ್ದಾರೆ. ವಾಸ್ತವದಲ್ಲಿ ಪುಸ್ತಕವಿಲ್ಲದಿದ್ದರೆ ಮೊದಲು ತೊಂದರೆಗೆ ಸಿಲುಕುವವರೇ ಆ ಹುಡುಗರು. ನೇಮ, ಕೋಲವೆಂದು ಧಣಿಗಳು ಹದಿನೈದು ದಿನ ಊರಿಗೆ ಹೋಗಿ ಬಂದಾಗ ಎರಡು ಎಣ್ಣೆ ಡಬ್ಬ ಕಡಿಮೆ ಕಂಡರೆ, ಸಂಶಯ ಬೀಳುವುದು ಕೀಲಿಕೈ ಹಿಡಿದವನ ಮೇಲೆ. ತಾನು ತಪ್ಪು ಮಾಡಿಲ್ಲವೆಂದು ತೋರಿಸಲು ಅವನ ಬಳಿ ಒಂದು ಚೀಟಿಯೂ ಇರುವುದಿಲ್ಲ. ಸಂಬಳ ಕಡಿತದ ಜತೆಗೆ ಕೆಟ್ಟ ಹೆಸರೂ ಅವನ ಬೆನ್ನು ಹತ್ತುತ್ತದೆ.

ಲೆಕ್ಕವೇನೂ ಕಷ್ಟದ್ದಲ್ಲ. ತಿಂಗಳ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಕೊನೆಗೆ ಉಳಿದದ್ದನ್ನು ಕಳೆದರೆ ಬಳಕೆ ಸಿಗುತ್ತದೆ. ಉದಾಹರಣೆಗೆ, ಉದ್ದಿನಬೇಳೆ 40 ಕಿಲೋ ಇತ್ತು, 150 ಕಿಲೋ ತರಿಸಿದೆವು, 35 ಕಿಲೋ ಉಳಿಯಿತು ಎಂದಾದರೆ ಬಳಕೆ 155 ಕಿಲೋ. ಇಡ್ಲಿ-ದೋಸೆಯ ಮಾರಾಟ ಅಷ್ಟೇ ಇದ್ದ ಹಿಂದಿನ ತಿಂಗಳಲ್ಲಿ 135 ಕಿಲೋ ಸಾಕಾಗಿತ್ತು ಎಂದಿಟ್ಟುಕೊಳ್ಳಿ. ಹೆಚ್ಚುವರಿ 20 ಕಿಲೋ ಎಲ್ಲಿ ಹೋಯಿತು? ಅದು ಕಳವೇ ಆಗಬೇಕೆಂದಿಲ್ಲ. ಮೂಟೆಯ ತೂಕ ಕಡಿಮೆ ಬಂದಿರಬಹುದು, ಹಳೆಯ ಬೇಳೆಯ ಹಿಟ್ಟು ಒದಗದಿರಬಹುದು, ಹಿಟ್ಟು ಹುಳಿಯಾಗಿ ಚೆಲ್ಲಿರಬಹುದು. ಲೆಕ್ಕವಿದ್ದರೆ ಕಾರಣ ಹುಡುಕಬಹುದು, ಇಲ್ಲದಿದ್ದರೆ ಸಂಶಯವೊಂದೇ ಉಳಿಯುತ್ತದೆ.

ಮೊದಲು ಬಂದ ಮಾಲು ಮೊದಲು ಖರ್ಚಾಗಬೇಕೆಂಬುದು ನಮ್ಮ ಹಿರಿಯರಿಗೂ ಗೊತ್ತಿದ್ದ ಕ್ರಮ. 2011ರ ಆಹಾರ ಸುರಕ್ಷತಾ ಪರವಾನಗಿ ನಿಯಮಗಳೂ ಅದನ್ನೇ ಹೇಳುತ್ತವೆ. ಮೂಟೆಯ ಮೇಲೆ ಬಂದ ದಿನಾಂಕ ಬರೆದಿಟ್ಟರೆ ಅರ್ಧ ಕೆಲಸ ಮುಗಿಯಿತು. ಇನ್ನು 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟುಗಳಿಗೆ ಜಿಎಸ್‌ಟಿ ಶೇ. 5 ಆಯಿತಾದರೂ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಹಾಳಾದ ಮಾಲಿನ ಜತೆಗೆ ಅದರ ತೆರಿಗೆಯೂ ನಷ್ಟವೇ.

ಸಾಮಗ್ರಿಗಳ ಕಥೆಯೂ ಇದೇ. ಗ್ರೈಂಡರ್, ಫ್ರೀಜರ್, ಸ್ಟೀಮರ್ ಪ್ರತಿಯೊಂದಕ್ಕೂ ಒಂದು ನಂಬರ್ ಬರೆದು, ಕೊಂಡ ದಿನಾಂಕ, ಬಿಲ್ಲು, ರಿಪೇರಿಯ ಖರ್ಚನ್ನು ಒಂದೇ ಪುಟದಲ್ಲಿ ಇಟ್ಟರೆ ಯಾವುದನ್ನು ಬದಲಿಸಬೇಕೆಂದು ಆ ಪುಟವೇ ಹೇಳುತ್ತದೆ. 19 ಕಿಲೋದ ಗ್ಯಾಸ್ ಸಿಲಿಂಡರ್ ಬಂದಾಗ ಅದರ ಮೇಲೆ ಬರೆದಿರುವ ಖಾಲಿ ತೂಕಕ್ಕೆ 19 ಸೇರಿಸಿ ತೂಗಿ ನೋಡುವುದು ಎರಡು ನಿಮಿಷದ ಕೆಲಸ.

ಹೊಟೇಲನ್ನು ಕಂಡಕ್ಟಿಂಗಿಗೆ ಕೊಡುವವರಿಗಂತೂ ಈ ಪಟ್ಟಿ ಅತ್ಯಗತ್ಯ. ಹಸ್ತಾಂತರದ ದಿನ ಎಷ್ಟು ಮೇಜು, ಎಷ್ಟು ಪಾತ್ರೆ, ಯಂತ್ರಗಳ ಸ್ಥಿತಿ ಏನು ಎಂದು ಬರೆದು ಇಬ್ಬರೂ ಸಹಿ ಹಾಕದಿದ್ದರೆ, ಅವಧಿ ಮುಗಿದಾಗ ಠೇವಣಿ ಹಣಕ್ಕಾಗಿ ಜಗಳ ತಪ್ಪದು. ಒಂದೇ ಊರಿನ, ಒಂದೇ ಕುಟುಂಬದ ನಂಟು ಕೆಡಲು ಹಳೆಯ ಗ್ರೈಂಡರೊಂದು ಸಾಕು.

ಈಗ ಬಿಲ್ಲಿಂಗ್ ಕಂಪ್ಯೂಟರಿನಲ್ಲೇ ದಾಸ್ತಾನು ನೋಡುವ ಸೌಲಭ್ಯವಿದೆ, ಸಂತೋಷ. ಆದರೆ ಕೈಯಾರೆ ಎಣಿಸಿ, ತೂಗಿ ತಾಳೆ ನೋಡದಿದ್ದರೆ ಪರದೆಯ ಅಂಕೆ ಬರೀ ಅಂಕೆಯೇ. ಸಣ್ಣ ಹೊಟೇಲಿಗೆ ಒಂದು ನೋಟ್‌ಬುಕ್, ಒಂದು ತಕ್ಕಡಿ ಸಾಕು. ಮಾಲು ಕೊಟ್ಟವನ, ಪಡೆದವನ ಸಹಿ ಎರಡೂ ಅದರಲ್ಲಿರಲಿ.

ನಮ್ಮ ಜಾತೀಯ ಸಂಘಟನೆಗಳು, ಕನ್ನಡ ಸಂಘಗಳು ಸನ್ಮಾನ, ಸಾಂಸ್ಕೃತಿಕ ಕಾರ್ಯಕ್ರಮಗಳ ಜತೆಗೆ ವರ್ಷಕ್ಕೊಂದು ಸಂಜೆಯನ್ನು ಈ ತರಬೇತಿಗೆ ಮೀಸಲಿಡಬೇಕು. ಅಲ್ಲಿಗೆ ಮಾಲಕರು ಮಾತ್ರ ಬಂದರೆ ಸಾಲದು, ಸ್ಟೋರಿನ ಕೀಲಿಕೈ ಹಿಡಿಯುವ ಹುಡುಗರನ್ನೂ ಕರೆತರಬೇಕು. ಇಂದು ದಾಸ್ತಾನಿನ ಲೆಕ್ಕ ಕಲಿತವನೇ ನಾಳೆ ಸ್ವಂತ ಹೊಟೇಲ್ ನಡೆಸಬಲ್ಲ.